ಸನಾದಿ ಉಳಿವೆಪ್ಪನ ಹಲ್ಲು

ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಡಿ. ಇದನ್ನು ಪೂರ್ತಿ ಕೇಳಿಬಿಡಿ— ಪೂರ್ತಿ! ಅರ್ಧಕ್ಕೆ ಎದ್ದು ಹೋದರೆ ನಿಮ್ಮ ತಲೆಯಲ್ಲಿ ತಪ್ಪು ಮನುಷ್ಯನ ಹೆಸರು ಉಳಿದುಬಿಡುತ್ತದೆ. ನನ್ನ ತಲೆಯಲ್ಲೂ ಹಾಗೇ ಉಳಿದಿತ್ತು. ಅದರಿಂದ ಎಂಥ ಅನಾಹುತವಾಯಿತು ಎಂಬುದನ್ನೇ ಹೇಳಲು ಹೊರಟಿದ್ದೇನೆ.

೧೯೫೭ರ ಫೆಬ್ರವರಿ. ಅಕ್ಕಿಆಲೂರಿನ ಸಂತೆಯ ದಿನ. ಹನ್ನೆರಡು ಹೊಡೆದು ಐದು ನಿಮಿಷ.

ಪರಮೇಶಪ್ಪ ಡಾಕ್ಟರರೂ ನಾನೂ ಮಂಡಕ್ಕಿ ತಿನ್ನುತ್ತ ಕುಳಿತಿದ್ದೆವು. ಡಾಕ್ಟರರು ಹಾನಗಲ್ಲಿನವರು, ಮುಂಬಯಿಯಲ್ಲಿ ಹಲ್ಲಿನ ವೈದ್ಯ ಕಲಿತು ಬಂದವರು. ಸಂತೆ ಇದ್ದ ದಿನ ಇಲ್ಲಿಗೆ ಬಂದು ಅರಿವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದರು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಯಸ್ಸು ಇಪ್ಪತ್ತೆರಡು. ಪತ್ತೇದಾರಿ ಪುಸ್ತಕಗಳ ಹುಚ್ಚು ಬೇರೆ. ಬೀಗ ಕಂಡರೆ ಗೀರು ಹುಡುಕುತ್ತಿದ್ದೆ, ಕೆಸರು ಕಂಡರೆ ಹೆಜ್ಜೆ ಅಳೆಯುತ್ತಿದ್ದೆ.

ಬಾಗಿಲಿಗೆ ಉಡಚವ್ವ ಬಂದು ನಿಂತಳು. ಅಕ್ಕಿ ಗಿರಣಿಯಲ್ಲಿ ಅಕ್ಕಿಯೊಳಗಿನ ಹರಳು ಆರಿಸುವ ಹೆಂಗಸು. ಮೊರ ಕೈಯಲ್ಲೇ ಇತ್ತು.

"ಡಾಕ್ಟ್ರ, ಲಗೂನ ಬರ್ರಿ! ಸನಾದಿ ಉಳಿವೆಪ್ಪನ ಬಾಯಿ ಒಡದೈತ್ರಿ! ರಕ್ತ ನಿಂದರವಲ್ದು!"

"ಹಲ್ಲು?"

"ಮ್ಯಾಲಿಂದು, ಮುಂದಿಂದು ಒಂದಿಲ್ರಿ."

"ಎಲ್ಲೈತಿ?"

"ಬಾಯಾಗ ಇಲ್ರಿ."

"ಅದು ತಿಳೀತವ್ವ! ಬಾಯಾಗ ಇಲ್ಲಾಂದ್ರ ಎಲ್ಲೈತಿ ಅಂತ ಕೇಳಾಕತ್ತೇನಿ!"

"ಯಾರಿಗೂ ಗೊತ್ತಿಲ್ರಿ. ಎಲ್ಲಾರೂ ಹುಡುಕಾಕತ್ತಾರ."

ಡಾಕ್ಟರರು ಮಂಡಕ್ಕಿಯ ಪೊಟ್ಟಣ ಅಲ್ಲೇ ಬಿಟ್ಟು ಚೀಲ ಎತ್ತಿಕೊಂಡರು.

"ಯಾವಾಗಾತು?"

"ಗಿರಣಿ ಗಂಟಿ ಹೊಡೀತಲ್ರಿ, ಹನ್ನೆರಡಕ್ಕ? ಆ ಸಪ್ಪಳದಾಗ ಅಂವ ಒದರಿದ್ದು ಕೇಳಿಸ್ತು."

"ಮಾಸ್ತರ, ಗಡಿಯಾರ ನೋಡ್ಕೊಂತ ಓಡ್ರಿ. ಅರ್ಧ ತಾಸಿನ್ಯಾಗ ಸಿಕ್ರ ಹಲ್ಲು ತಿರುಗಿ ಕೂತೀತು. ತಾಸಾದ್ರ ಶಿವನ ಇಚ್ಛಾ. ಒಣಗಿದ್ರ ಮುಗೀತು— ಅದು ಹಲ್ಲಲ್ಲ, ಬರೇ ಎಲುಬು."

"ಬಿದ್ದ ಹಲ್ಲು ತಿರುಗಿ ಕೂಡುತ್ತದೆಯೇ?"

"ಓಡ್ರಿ ಮೊದಲ!"

ಓಡುತ್ತ ನನಗೆ ಬೆಳಗಿನ ಚಿತ್ರ ನೆನಪಾಯಿತು. ಗಿರಣಿಗೆ ಹೊಸ ಯಂತ್ರ ಬಂದಿತ್ತು. ಅದರ ಪೂಜೆಗೆಂದು ಎರಡು ಮೇಳಗಳನ್ನು ಕರೆಸಿದ್ದರು. ಒಂದು, ಸವಣೂರಿನ ಅಕ್ಬರಸಾಬನ ಬ್ಯಾಂಡು— ತುತ್ತೂರಿ, ಡೋಲು, ಕೆಂಪು ಕೋಟು. ಇನ್ನೊಂದು, ನೀಲಪ್ಪಜ್ಜನ ಸನಾದಿ. ನೀಲಪ್ಪಜ್ಜ ನಲವತ್ತು ಹಳ್ಳಿಗೆ ಹೆಸರಾದ ವಾದ್ಯಗಾರ. ಆದರೆ ಎಂಟು ವರ್ಷದ ಹಿಂದೆ ತಿಳವಳ್ಳಿ ದಾರಿಯಲ್ಲಿ ಚಕ್ಕಡಿ ಮಗುಚಿ ಮುಂದಿನ ಹಲ್ಲುಗಳೆಲ್ಲ ಹೋದವು. ಹಲ್ಲಿನ ಆಸರೆ ಇಲ್ಲದ ತುಟಿಯಲ್ಲಿ ಸನಾದಿ ನಿಲ್ಲುವುದಿಲ್ಲ, ಗಾಳಿ ಸೋರುತ್ತದೆ. ಅಂದಿನಿಂದ ಅವನು ಒಂದೇ ಸ್ವರ ಊದಿದರೆ ಸಾಕಾಗುವ ಶ್ರುತಿಯನ್ನಷ್ಟೇ ಹಿಡಿಯುತ್ತಿದ್ದ. ರಾಗ ನುಡಿಸುತ್ತಿದ್ದವನು ಶಿಷ್ಯ ಉಳಿವೆಪ್ಪ. ಬೆಳಿಗ್ಗೆ ಇಬ್ಬರೂ ಎದುರು ಬದುರು ಕುಳಿತು ಸನಾದಿಯ ತುದಿಗೆ ಸಿಗಿಸುವ ಗರಿಯ ಪೀಪಿಯನ್ನು ದವಡೆಯಲ್ಲಿ ಇಟ್ಟುಕೊಂಡು ನೆನೆಸುತ್ತಿದ್ದರು. ದವಡೆಯಲ್ಲಿ ಪೀಪಿ ಇದ್ದಷ್ಟು ಹೊತ್ತು ಮಾತ್ರ ನೀಲಪ್ಪಜ್ಜನ ಮಾತು ನಿಲ್ಲುತ್ತಿತ್ತು. ಉಳಿದಂತೆ ಅವನ ಬಾಯಿಯಲ್ಲಿ ಎಲೆ ಇರಬೇಕು, ಇಲ್ಲ ಹರಟೆ ಇರಬೇಕು, ಹೆಚ್ಚಾಗಿ ಎರಡೂ.

ಈಗ ಆ ಉಳಿವೆಪ್ಪನ ಹಲ್ಲು ಹೋಗಿತ್ತು. ಇಪ್ಪತ್ತನಾಲ್ಕು ವರ್ಷದವನು! ಒಂದು ಹಲ್ಲು ಅಂದರೆ ಅವನಿಗೆ ಇಡೀ ಬಾಳು.

ಹನ್ನೆರಡು ಗಂಟೆ ಎಂಟು ನಿಮಿಷ. ಗಿರಣಿಯ ಹಿಂದಿನ ಉಗ್ರಾಣ. ಬಾಗಿಲ ತುಂಬ ಜನ. ಒಳಗೆ ಗೋಡೆ, ಗೋಣಿಚೀಲ, ಚಾಪೆ— ಎಲ್ಲದರ ಮೇಲೂ ತೌಡಿನ ನಸುಧೂಳು. ಉಳಿವೆಪ್ಪ ನೆಲದಲ್ಲಿ ಕುಳಿತಿದ್ದ, ಬಾಯಿಗೆ ಟವೆಲು ಒತ್ತಿಕೊಂಡು. ನೀಲಪ್ಪಜ್ಜ ಅವನ ಭುಜ ಬಳಸಿ ಕುಳಿತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. ಮಾತಿಲ್ಲ.

ಡಾಕ್ಟರರು ಟವೆಲು ಸರಿಸಿ ನೋಡಿದರು. ಮೇಲಿನ ಸಾಲಿನಲ್ಲಿ ನಡುವಿನದೇ ಹಲ್ಲು. ಬೇರು ಸಮೇತ ಹೋಗಿತ್ತು. ಗುಳಿ ಮಾತ್ರ.

"ಮುರದಿಲ್ಲ," ಎಂದರು, "ಇಡೀ ಹಲ್ಲ ಬಂದೈತಿ. ಇದು ಛಲೋ ಆತು. ಹೆಂಗಾತೋ ತಮ್ಮಾ?"

"ಬಿದ್ನಿರಿ," ಎಂದ ಉಳಿವೆಪ್ಪ. ಗಾಳಿ ಸೋರುವ ದನಿ.

"ಎಲ್ಲಿ?"

"ಹೊಸ್ತಿಲದ ಮ್ಯಾಲ. ಮುಗ್ಗರಿಸಿ ಬಿದ್ನಿ."

"ಅಂಗೈ ತೋರ್ಸು."

ತೋರಿಸಿದ. ಡಾಕ್ಟರರು ಅಂಗೈ ನೋಡಿದರು, ಮೊಣಕಾಲು ನೋಡಿದರು, ಗದ್ದ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಸುಳ್ಳು. ಬೀಳಾಂವ ಮೊದಲ ಕೈ ಊರ್ತಾನ. ಇವನ ಅಂಗೈ ತರಚಿಲ್ಲ, ಮೊಣಕಾಲಿಗೆ ಮಣ್ಣಿಲ್ಲ. ತುಟಿ ಮ್ಯಾಲ ನೋಡ್ರಿ— ಬಾಗಿದ ಗಾಯ, ಉಗುರು ಒತ್ತಿದಂಗ. ದುಂಡನ್ನ ಬಾಯಿ ಇರೋದು ಯಾವುದೋ ಬಡದೈತಿ. ಇವನ್ನ ಯಾರೋ ಹೊಡದಾರ! ಅಂವ ಯಾರಿದ್ರೂ ಕೇಳ್ಲಿ— ಸಂಜಿ ಒಳಗ ಫೌಜದಾರ್ ಕೈಯಾಗ ಕೊಡ್ತೇನಿ!"

ಉಳಿವೆಪ್ಪ ತಲೆ ತಗ್ಗಿಸಿದ.

ಹನ್ನೆರಡೂ ಹನ್ನೊಂದು.

"ಉಡಚವ್ವ, ಕಾಸಿ ಆರಿಸಿದ ನೀರಿದ್ರ ಒಂದ ಬಟ್ಟಲ ತಾ, ಚಿಟಿಕಿ ಉಪ್ಪು ಹಾಕು. ಹಸೀ ಹಾಲಿದ್ರ ಅದನ್ನೂ ತಂದಿಡು. ಉಳದಾವ್ರು ಕೇಳ್ರಿ! ಹಲ್ಲು ಸಿಕ್ರ ಬೇರು ಮುಟ್ಟಬ್ಯಾಡ್ರಿ, ಬೆಳ್ಳನ್ನ ತುದಿ ಹಿಡೀರಿ. ಒರಸಬ್ಯಾಡ್ರಿ. ಬೂದಿ ಹಚ್ಚಿ ತಿಕ್ಕಬ್ಯಾಡ್ರಿ. ಬೇರಿನ ಮ್ಯಾಲ ಕಣ್ಣಿಗೆ ಕಾಣದಂಥ ತೊಗಲಿರತೈತಿ. ಅದು ಸತ್ರ ಎಲ್ಲಾ ಸತ್ತಂಗ."

ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವ— ಮಂಡಕ್ಕಿ ಮಾರುವ ಮುದುಕಿ— ಕೈ ಎತ್ತಿದಳು.

"ಡಾಕ್ಟ್ರ, ಇಷ್ಟ್ಯಾಕ ಗುದ್ದಾಡ್ತೀರಿ? ಸಿಕ್ಕಿಂದ ಸಗಣ್ಯಾಗ ಉಂಡಿ ಕಟ್ಟಿ ಹಂಚಿನ ಮ್ಯಾಲ ಒಗೀರಿ. ಹೊಸಾದ ಬರತೈತಿ. ನಮ್ಮ ಮಕ್ಕಳದ್ದೆಲ್ಲಾ ಬಂದಾವು."

"ಅವು ಹಾಲಹಲ್ಲು ತಾಯಿ! ಅವು ಬಿದ್ರ ತಿರುಗಿ ಕೂಡಿಸೋದು ಬ್ಯಾಡ, ತಾವ ಬರ್ತಾವ. ಇದು ಹೋದ್ರ ಹೋತು!" ತಟ್ಟನೆ ನಿಂತರು. "ಯಾರರೆ ಒಗದೀರೇನು ಹಂಚಿನ ಮ್ಯಾಲ? ಖರೇ ಹೇಳ್ರಿ!"

ಯಾರೂ ಒಗೆದಿರಲಿಲ್ಲ. ಆದರೂ ಹಮಾಲ ಯಲ್ಲಪ್ಪ ಚೀಲದ ಮೇಲೆ ಚೀಲ ಹತ್ತಿ ಹಂಚು ಇಣುಕಿ ಬಂದ. ಏನೂ ಇಲ್ಲ.

"ಮೊದಲ ಇಲ್ಲಿ ಬಂದಾಂವ ಯಾರು?" ಡಾಕ್ಟರರು ಕೇಳಿದರು.

"ನಾನ್ರಿ," ಎಂದ ಯಲ್ಲಪ್ಪ. "ಒದರಿದ್ದು ಕೇಳಿ ಬಂದ್ನಿ. ಇಂವ ಹಿಂಗ ಕುಂತಿದ್ದ, ನೀಲಪ್ಪಜ್ಜ ಹಿಡಕೊಂಡಿದ್ದ. ಬೆನ್ನ ಹಿಂದ ಆ ಬ್ಯಾಂಡಿನ ಅಕ್ಬರಸಾಬ ಬಂದ. ಟವೆಲ್ಲು ಅವಂದ."

"ನೀಲಪ್ಪ ಏನಂದ?"

"ಏನೂ ಅನ್ನವಲ್ಲರಿ. ನೀಲಪ್ಪಜ್ಜನ ಬಾಯಿ ಬಂದ್ ಆಗೇತಂದ್ರ ಎಂಥಾ ಧಕ್ಕಿ ಆಗಿರಬೇಕು ನೋಡ್ರಿ! ಅಂವ ನಿದ್ದಿಗಣ್ಣಾಗೂ ಮಾತಾಡಾಂವ."

ಯಾರೋ ನಕ್ಕು, ನಕ್ಕದ್ದಕ್ಕೆ ತಾವೇ ನಾಚಿಕೊಂಡರು.

"ನೆಲ ಹುಡುಕಿದಾವ್ರು ಯಾರು?"

ಬಟ್ಟಲು ಹಿಡಿದು ಬಂದ ಉಡಚವ್ವ ಎದೆ ಸೆಟೆಸಿದಳು. "ನಾನ. ತೌಡೆಲ್ಲಾ ಗುಡಿಸಿ ಮೊರದಾಗ ಹಾಕಿ ನೋಡೇನಿ. ಇಪ್ಪತ್ತು ವರ್ಷ ಆತು, ಅಕ್ಕ್ಯಾಗ ಹರಳ ಆರಸೂದ ನನ್ನ ಕೆಲಸ. ಸಾಸಿವಿಯಷ್ಟ ಕಲ್ಲ ಇದ್ರೂ ಕಣ್ಣಿಗೆ ಬೀಳತೈತಿ. ಹಲ್ಲು ಈ ಖೋಲ್ಯಾಗ ನೆಲದ ಮ್ಯಾಲ ಇಲ್ರಿ. ಇದ್ರ ನನ್ನ ಹೆಸರ ಉಡಚವ್ವ ಅಲ್ಲ."

ಡಾಕ್ಟರರು ಅವಳ ಮುಖವನ್ನೇ ನೋಡಿದರು. "ನಾ ನಿನ್ನ ಮಾತ ನಂಬ್ತೇನಿ," ಎಂದರು.

ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು!

ದುಂಡನೆಯ ಬಾಯಿ— ತುತ್ತೂರಿ! ಬೆಳಿಗ್ಗೆ ಅಕ್ಬರಸಾಬ ಉಳಿವೆಪ್ಪನನ್ನು ಗೋಡೆಯ ಬದಿಗೆ ಕರೆದು ಗುಸುಗುಸು ಮಾತಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. "ಇವತ್ತ ಹೇಳಿಬಿಡು, ನಾಳಿಗಿ ಬ್ಯಾಡ," ಅಂದದ್ದನ್ನು ಕೇಳಿದ್ದೆ. ಎರಡು ಮೇಳ, ಒಂದು ಊರು, ಪೈಪೋಟಿ. ಮತ್ತು ಈಗ— ಅಕ್ಬರಸಾಬ ಎಲ್ಲಿ?

"ಅಕ್ಬರಸಾಬ ಎಲ್ಲಿ ಹೋದ?" ಎಂದು ಕೂಗಿಯೇಬಿಟ್ಟೆ.

"ಬಸ್‌ಸ್ಟ್ಯಾಂಡ್ ಕಡೆ ಓಡಿದಾ," ಎಂದ ಯಾರೋ.

"ಓಡಿದ! ಕೇಳಿದಿರಾ? ಓಡಿಹೋದ!"

"ಮಾಸ್ತರ, ನಿಂದರ್ರಿ—" ಎಂದರು ಡಾಕ್ಟರರು. ನಾನು ನಿಲ್ಲಲಿಲ್ಲ. ಯಲ್ಲಪ್ಪ ಬಂದ, ಇನ್ನೂ ಎಂಟು ಹತ್ತು ಜನ ಬಂದರು. ಹನ್ನೆರಡೂ ಹದಿನಾರು.

ಅವನು ಸಿಕ್ಕಿದ. ಹಾನಗಲ್ಲಿಗೆ ಹೋಗುವ ಬಸ್ಸಿನ ಬಾಗಿಲಲ್ಲಿ ನಿಂತು ಡ್ರೈವರನೊಂದಿಗೆ ಕೈ ಬೀಸಿ ಮಾತಾಡುತ್ತಿದ್ದ. ಅಂಗಿಯ ತೋಳಿನ ಮೇಲೆ ರಕ್ತ! ನಾನು ಬೆರಳು ತೋರಿಸಿದೆ. ಅಷ್ಟೇ ಮಾಡಿದ್ದು ನಾನು. ಉಳಿದದ್ದನ್ನು ಜನ ಮಾಡಿದರು. ಅಂಗಿ ಹರಿಯಿತು. ಟೊಪ್ಪಿಗೆ ಬಿತ್ತು. ಯಾರದೋ ಕೈ ಅವನ ಕೆನ್ನೆಗೆ ಬಿದ್ದ ಸಪ್ಪಳ ನನಗೆ ಕೇಳಿಸಿತು.

"ಅಲ್ಲಾ ಕಸಮ್, ನಾ ಏನ್ ಮಾಡೇನ್ರಿ? ಏನ್ ಮಾಡೇನಿ ಹೇಳ್ರಿ!"

"ಹಲ್ಲು ತಗಿ!"

"ಯಾರ ಹಲ್ಲು?"

ಹನ್ನೆರಡೂ ಇಪ್ಪತ್ತೇಳು. ಅವನನ್ನು ಉಗ್ರಾಣದ ಬಾಗಿಲಿಗೆ ತಂದು ನಿಲ್ಲಿಸಿದೆವು. ಜೇಬು ಶೋಧಿಸಿದ್ದಾಗಿತ್ತು. ತುತ್ತೂರಿಯೊಳಗೆ ಕೈ ಹಾಕಿ ನೋಡಿದ್ದಾಗಿತ್ತು. ಹಲ್ಲಿಲ್ಲ. ಒಳಗೆ ಡಾಕ್ಟರರು ಉಳಿವೆಪ್ಪನ ಗುಳಿಯ ರಕ್ತವನ್ನು ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಮಡಿಸಿದ ಅರಿವೆ ಕಚ್ಚಿಸಿ ಕೂಡಿಸಿದ್ದರು. ನನ್ನನ್ನು ಕಂಡ ಅವರ ಕಣ್ಣಲ್ಲಿ ಸಿಟ್ಟಿತ್ತು.

"ಹನ್ನೊಂದ ನಿಮಿಷ ಮಾಸ್ತರ! ಹುಡುಕೋ ಹನ್ನೊಂದ ಮಂದೀನ ಕರಕೊಂಡ ಹೋದ್ರಿ, ಹನ್ನೊಂದ ನಿಮಿಷ ತಿಂದ್ರಿ. ಅಕ್ಬರಸಾಬ, ನೀ ಹೇಳು. ಬಸ್ಸಿಗೆ ಯಾಕ ಹೋದಿ?"

"ಡ್ರೈವರ್‌ಗೆ ಕೇಳಾಕ ಹೋಗಿದ್ನಿರಿ," ಅಕ್ಬರಸಾಬ ಏದುತ್ತ ಹೇಳಿದ. "ಹುಡುಗನ್ನ ಹಾನಗಲ್ಲ ದವಾಖಾನಿಗೆ ಒಯ್ಯೋಣು, ಬಸ್ ತಡದು ನಿಂದರಸು ಅಂತ. ನೀವ್ ಸಂತ್ಯಾಗ ಇದ್ದೀರಿ ಅಂತ ನಂಗೇನ್ ಗೊತ್ತು ಸಾಹೇಬ್ರ? ರಕ್ತ ಅವಂದ— ತಲಿ ಹಿಡದಿದ್ನೆಲ್ಲ."

"ಬೆಳಿಗ್ಗೆ ಅವನಿಗೇನು ಬೆದರಿಕೆ ಹಾಕಿದೆ?" ಎಂದೆ ನಾನು.

"ಬೆದರಿಕಿ? ನಮ್ಮ ಬ್ಯಾಂಡಿಗೆ ಬಾ, ಕ್ಲಾರಿನೆಟ್ ಕೊಡ್ತೇನಿ ಅಂದೆ. ಬರ್ತೇನಿ ಅಂದಾ! ಗುರುವಿಗೆ ಹೇಳಿ ಬರ್ತೇನಿ ಅಂದಾ. ಅವನ ಹಲ್ಲ ಹೋದ್ರ ಲುಕ್ಸಾನ ನಂದ, ಮಾಸ್ತರ!"

ಡಾಕ್ಟರರು ಥಟ್ಟನೆ ಕತ್ತು ಎತ್ತಿದರು. "ಏನಂದಿ? ಗುರುವಿಗೆ ಹೇಳಿ?"

"ಹೌದ್ರಿ."

ಡಾಕ್ಟರರು ಎದ್ದರು. ಚಾಪೆಯ ಮೇಲಿದ್ದ ಉಳಿವೆಪ್ಪನ ಸನಾದಿಯ ಬಳಿ ಹೋಗಿ ಬಾಗಿ ನೋಡಿದರು. ಮುಟ್ಟಲಿಲ್ಲ. ಅಂಗಿಯ ಜೇಬಿನಿಂದ ಎಲೆಯಡಿಕೆಯ ಸಂಚಿ ತೆಗೆದು ನೀಲಪ್ಪಜ್ಜನ ಮುಂದೆ ಹಿಡಿದರು.

"ನೀಲಪ್ಪಾ, ಎಲಿ ಹಾಕ್ಕೊ. ಜೀವಕ್ಕ ಸಮಾಧಾನ ಆಗತೈತಿ."

ಮುದುಕ ತಲೆ ಅಲ್ಲಾಡಿಸಿದ.

"ಹಂಗಂದ್ರ ಒಂದ ಗುಟುಕ ನೀರರೆ ಕುಡಿ."

ಮತ್ತೆ ತಲೆ ಅಲ್ಲಾಡಿಸಿದ. ಪಾಪ, ಶಿಷ್ಯನ ದುಃಖದಲ್ಲಿ ನೀರೂ ಇಳಿಯುತ್ತಿಲ್ಲ ಎಂದುಕೊಂಡೆ ನಾನು. ಪತ್ತೇದಾರ ನಾನು!

"ಎಲ್ಲಾರೂ ಹೊರಗ ನಡೀರಿ!" ಡಾಕ್ಟರರು ಗುಡುಗಿದರು. "ಇಲ್ಲಿ ಗಾಳಿ ಬೇಕು. ಬಟ್ಟಲ ಅಲ್ಲಿಟ್ಟು ನೀನೂ ನಡಿ ಉಡಚವ್ವ. ಮಾಸ್ತರ, ನೀವು ಬಾಗಲಾ ಹಾಕಿ ಇಲ್ಲೇ ಇರ್ರಿ. ಬಾಯಿ ಮುಚ್ಚಿ."

"ಅಕ್ಬರಸಾಬನ್ನ ಬಿಡಬ್ಯಾಡ್ರೋ!" ಎಂದು ಹೊರಗೆ ಯಾರೋ ಕೂಗುವುದು ಕೇಳಿಸಿತು. ಬಾಗಿಲು ಹಾಕಿದೆ.

ಒಳಗೆ ನಾಲ್ಕೇ ಜನ. ಹನ್ನೆರಡೂ ಮೂವತ್ತೆರಡು. ನನ್ನ ಕೈಗಡಿಯಾರದ ಟಿಕ್ ಟಿಕ್ ನನಗೇ ಕೇಳುತ್ತಿತ್ತು.

ಡಾಕ್ಟರರು ನೀಲಪ್ಪಜ್ಜನ ಎದುರಿಗೆ ಮೊಣಕಾಲೂರಿ ಕುಳಿತರು. ಅವಸರವೇ ಇಲ್ಲದವರಂತೆ. ಎಡ ಅಂಗೈಯನ್ನು ಅವನ ಗದ್ದದ ಕೆಳಗೆ ಬೊಗಸೆಯಂತೆ ಹಿಡಿದರು. ಮಗುವಿನೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದರು:

"ನೀಲಪ್ಪಾ, ಹೆದರಬ್ಯಾಡ. ಎಂಜಲಾ ನುಂಗಬ್ಯಾಡ. ತಲಿ ತಗ್ಗಸು. ದವಡ್ಯಾಗಿನ ಪೀಪಿ ನನ್ನ ಕೈಯಾಗ ಬಿಡು."

ಮುದುಕ ತಲೆ ತಗ್ಗಿಸಿದ. ಬಾಯಿ ತೆರೆಯಿತು.

ಡಾಕ್ಟರರ ಅಂಗೈಗೆ ಬಿತ್ತು— ಬೆಳ್ಳಗೆ, ಹಸಿಯಾಗಿ, ಉದ್ದ ಬೇರಿನ ಸಮೇತ— ಉಳಿವೆಪ್ಪನ ಹಲ್ಲು.

ನನಗೆ ಕೂಗಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡೆ.

ಹಲ್ಲನ್ನು ಗುಳಿಗೆ ಕೂಡಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಡಾಕ್ಟರರು ಹಲ್ಲಿನ ಬಿಳಿಯ ತುದಿ ಹಿಡಿದು ಉಪ್ಪುನೀರಿನಲ್ಲಿ ಒಂದೇ ಸಲ ಅದ್ದಿ ತೆಗೆದರು. ತಿಕ್ಕಲಿಲ್ಲ. ಗುಳಿಗೆ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ, ಮೆಲ್ಲಗೆ ಒತ್ತಿದರು. ಉಳಿವೆಪ್ಪನ ಕಾಲು ನೆಲ ಕೆರೆಯಿತು. "ಕಚ್ಚು. ಅರಿವಿ ಕಚ್ಚಿ ಹಿಡಿ. ಇನ್ನೂ. ಹಾಂ." ಚೀಲದಿಂದ ಕೂದಲೆಳೆಯಂಥ ತಂತಿ ಬಂತು. ಪಕ್ಕದ ಹಲ್ಲುಗಳಿಗೆ ಸುತ್ತು ಹಾಕಿ ಬಿಗಿಯತೊಡಗಿದರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಮಾತಾಡುತ್ತಿತ್ತು.

"ಕೇಳ್ರಿ ಮಾಸ್ತರ. ಉಡಚವ್ವನಂಥಾಕಿ ನೆಲದಾಗ ಇಲ್ಲಾಂದ್ಲು. ಅಂದ್ರ ಯಾರೋ ತಗೊಂಡಾರ. ಕದ್ದು ಮಾರಾಕ ಅದೇನ್ ಮುತ್ತಲ್ಲ. ಅಂದ್ರ ತಗೊಂಡಾಂವಗ ಆ ಹಲ್ಲಿನ ಬೆಲಿ ಗೊತ್ತಿರಬೇಕು. ಈ ಊರಾಗ ಮುಂದಿನ ಹಲ್ಲಿನ ಬೆಲಿ ಯಾರಿಗೆ ಗೊತ್ತು?"

ನಾನು ನೀಲಪ್ಪಜ್ಜನ ಬೋಳು ಒಸಡು ನೋಡಿದೆ.

"ತುತ್ತೂರಿ ಅಂದ್ರಿ. ತುತ್ತೂರಿ ಬಾಯಿ ತಾಟಿನಷ್ಟು ದೊಡ್ಡದು. ಅದು ಬಡದ್ರ ಗಾಯ ಇಷ್ಟು ಬಾಗೂದಿಲ್ಲ. ಇದು ಸಣ್ಣ ಬಾಯಿ, ಸಣ್ಣ ಬಟ್ಟಲದ ಅಂಚಿನಷ್ಟು. ಸನಾದಿ ನೋಡ್ರಿ. ಮೈಮ್ಯಾಲೆಲ್ಲಾ ತೌಡ ಕುಂತೈತಿ. ಹಿತ್ತಾಳಿ ಬಾಯಿ ಮಾತ್ರ ಥಳಾಥಳಾ! ಈಗಿಂದೀಗ ಯಾರೋ ಒರಸ್ಯಾರ. ಇಷ್ಟ ಇದ್ರೂ ನಾ ಹೇಳ್ತಿರಲಿಲ್ಲ. ಆದ್ರ ಎಲಿ ಇಲ್ಲದ ಒಂದ ಗಳಿಗಿ ಇರದ ಮನಿಷ್ಯಾ ಎಲಿ ಬ್ಯಾಡಂದ. ಬಾಯಿ ಒಣಗೂವಂಗ ಅಳಾಕತ್ತಾಂವ ನೀರು ಬ್ಯಾಡಂದ. ದವಡಿ ಉಬ್ಬೈತಿ, ಅಗಿಯವಲ್ಲ, ಉಗುಳವಲ್ಲ. ಊರೆಲ್ಲಾ ದುಃಖಾ ಅಂತು. ನಾ ಅಂದ್ನಿ— ಅಲ್ಲ, ಇಂವ ಏನೋ ನೆನಸಾಕತ್ತಾನ! ಸನಾದಿ ಮಂದಿ ಒಣಗಬಾರದ್ದನ್ನ ಎಲ್ಲಿ ಇಡ್ತಾರ? ದವಡ್ಯಾಗ."

ಒಂದು ಸುತ್ತಿನ ತುದಿ ಕತ್ತರಿಸಿ ಇನ್ನೊಂದು ತಂತಿ ಎತ್ತಿಕೊಂಡರು.

"ಹೊಡದಾಂವ ನೀಲಪ್ಪ. ಹಲ್ಲು ಉಳಿಸಿದಾಂವನೂ ನೀಲಪ್ಪ. ಮನಿಷ್ಯಾನ ಬಾಯಾಗಿನ ಎಂಜಲದಾಗ ಇತ್ತಂತ ಅದು ಇನ್ನೂ ಜೀವಂತ ಐತಿ. ಕಿಸೇದಾಗ ಇಟ್ಟಿದ್ರ ಇಷ್ಟೊತ್ತಿಗೆ ಹೆಣ."

"ಬಾಗಿಲು ತೆರೆದಿದ್ದಾಗಲೇ ಯಾಕೆ ಹೇಳಲಿಲ್ಲ? ಗಳಿಗೆಗಳು ಹೋಗುತ್ತಿದ್ದವಲ್ಲ?"

"ಅಷ್ಟ ಮಂದಿ ಮುಂದ 'ನೀನ ಕಳ್ಳ' ಅಂತ ಒದರಿದ್ರ ಬೆಚ್ಚಿಬಿದ್ದು ನುಂಗಿಬಿಡ್ತಿದ್ದ."

ಆಗ ನೀಲಪ್ಪಜ್ಜ ಬಾಯಿ ಬಿಟ್ಟ. ಅರ್ಧ ತಾಸಿನಿಂದ ತಡೆದಿಟ್ಟ ಮಾತು.

"ಪೂಜಾ ಮುಗದಿಂದ ಇಂವ ಹೇಳಿದ್ರಿ— ಯಜ್ಜಾ, ನಾ ಬ್ಯಾಂಡಿಗೆ ಹೊಕ್ಕೇನಿ ಅಂತ. ಹನ್ನೆರಡ ವರ್ಷ ನನ್ನ ಉಸರ ಕೊಟ್ಟೇನ್ರಿ ಇವಗ. ಹಂಗಾರ ಸನಾದಿ ಇಟ್ಟ ಹೋಗು ಅಂದೆ, ಕಸಗೊಂಡೆ. ಇಂವ ಹಿಡದಾ. ಜಗ್ಗ್ಯಾಡೂದ್ರಾಗ ಕೈತಪ್ಪಿ—" ನಿಲ್ಲಿಸಿದ. "ಅಲ್ರಿ. ಕೈತಪ್ಪಿ ಅಲ್ಲ. ಸಿಟ್ಟ ಬಂದಿತ್ತು. ನಾನ ಬೀಸೇನಿ."

ಉಳಿವೆಪ್ಪ ಅರಿವೆ ಕಚ್ಚಿದ ಬಾಯಿಯಿಂದಲೇ "ಊಂ ಹೂಂ" ಎಂದು ತಲೆ ಅಲ್ಲಾಡಿಸಿದ.

"ನೀ ಗಪ್ಪಿರೋ. ಹಲ್ಲ ತೌಡಿನ್ಯಾಗ ಬಿತ್ರಿ. ಪೀಪಿ ಬಿದ್ರ ಏನ್ ಮಾಡ್ತೇವಿ? ಎತ್ತಿ ದವಡ್ಯಾಗ ಇಟ್ಟಕೊಂತೇವಿ. ಕೈ ತಾನ ಮಾಡಿಬಿಡ್ತು. ಮಂದಿ ಬಂದ್ರು. ಬಾಯಿ ತಗದ್ರ ಹಲ್ಲ ಬೀಳತೈತಿ, ಬಿದ್ರ ನಿನ್ನ ಬಾಯಾಗ ಹೆಂಗ ಬಂತು ಅಂತಾರ. ನೀವು ಬಂದ ಕೂಡ್ಲೇ ಕೊಡಬೇಕಂದ್ನಿ. ನೀವು ಫೌಜದಾರ್ ಅಂದ್ರಿ."

ಡಾಕ್ಟರರ ಕೈ ನಿಂತಿತು. "ಹೌದು," ಎಂದರು ಮೆಲ್ಲಗೆ. "ನಾನ ನಿನ್ನ ಬಾಯಿ ಮುಚ್ಚಿಸಿದೆ. ಅದು ನನ್ನ ತಪ್ಪು." ಆಮೇಲೆ ಉಳಿವೆಪ್ಪನಿಗೆ: "ಹದಿನೈದ ದಿನ ತಂತಿ. ಗಂಜಿ, ಅಂಬಲಿ. ಮುಂದಿನ ಹಲ್ಲಿಲೆ ಏನೂ ಕಚ್ಚಾಂಗಿಲ್ಲ, ಎರಡ ತಿಂಗಳ ಸನಾದಿ ಮುಟ್ಟಾಂಗಿಲ್ಲ. ಸಂಜಿಗೆ ಹಾನಗಲ್ಲಿಗೆ ಬಂದು ಧನುರ್ವಾತದ ಸೂಜಿ ಮಾಡಿಸ್ಕೊ. ಬದುಕಿದ್ರ ಬದುಕ್ತು. ನಾ ಮಾತ ಕೊಡಾಂಗಿಲ್ಲ."

ಬಾಗಿಲು ದಡದಡ ಬಡಿದುಕೊಂಡಿತು. ಯಲ್ಲಪ್ಪನ ದನಿ: "ಡಾಕ್ಟ್ರ! ಇಂವ ಬಾಯಿ ಬಿಡವಲ್ಲರಿ! ಗಿಡಕ್ಕ ಕಟ್ಟಿ ಕೇಳೋಣೇನು?" ಅದರ ಹಿಂದೆ ಅಕ್ಬರಸಾಬನ ದನಿ— ಮಾತಲ್ಲ, ಬರೀ ದನಿ.

ಡಾಕ್ಟರರ ಎರಡೂ ಕೈ ಉಳಿವೆಪ್ಪನ ಬಾಯಲ್ಲಿದ್ದವು. ಎರಡನೆಯ ತಂತಿ ಇನ್ನೂ ಬಿಗಿದಿರಲಿಲ್ಲ, ಹಲ್ಲು ಒತ್ತಿ ಹಿಡಿದ ಬೆರಳು ಬಿಡುವಂತಿರಲಿಲ್ಲ.

"ಮಾಸ್ತರ, ಅವನ್ನ ತಂದಾವ್ರು ನೀವು. ಬಿಡಸಾವ್ರೂ ನೀವ. ಹೋಗ್ರಿ."

ಎದ್ದೆ. ಉಳಿವೆಪ್ಪ ನನ್ನ ಅಂಗಿಯ ಚುಂಗು ಹಿಡಿದ. ಕಣ್ಣು ನನ್ನ ಕಣ್ಣಲ್ಲಿ. ಬೇಡ, ಹೆಸರು ಹೇಳಬೇಡ ಎನ್ನುವ ನೋಟ. ನೀಲಪ್ಪಜ್ಜ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದ. ಏಳುವ ಶಕ್ತಿ ಅವನ ಕಾಲಿಗಿರಲಿಲ್ಲ. ಅಥವಾ ಇತ್ತೋ? ಇಂದಿಗೂ ಗೊತ್ತಿಲ್ಲ.

ಬಾಗಿಲು ತೆರೆದೆ. ಐವತ್ತು ಮುಖ. ನಡುವೆ ಅಕ್ಬರಸಾಬ, ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದರು, ಹುಬ್ಬಿನ ಮೇಲೆ ರಕ್ತ. ಅವನಿಗೂ ತುಟಿ ಒಡೆದಿತ್ತು.

"ಅವನು ಹೊಡೆದಿಲ್ಲ. ಬಿಡಿ," ಎಂದೆ.

"ಮತ್ತ್ಯಾರು?" ಎಂದ ಯಲ್ಲಪ್ಪ. "ಬಿದ್ದಿಲ್ಲ, ಹೊಡದಾರ ಅಂತ ಡಾಕ್ಟ್ರ ಅಂದಾರ. ಮತ್ತ್ಯಾರು ಹೇಳ್ರಿ!"

ಯಾರೂ ಅವನ ಕೈ ಬಿಡಲಿಲ್ಲ. ಬಿದ್ದ ಎನ್ನುವಂತಿರಲಿಲ್ಲ. ಗೊತ್ತಿಲ್ಲ ಎಂದರೆ ಬಿಡುವಂತಿರಲಿಲ್ಲ. ಡಾಕ್ಟರರ ಕೈ ಬಿಡುವಾಗುವವರೆಗೆ ಹೇಗಾದರೂ ತಡೆಯಬಹುದಿತ್ತೇನೋ. ಮುದುಕನೇ ಎದ್ದು ಬರುತ್ತಿದ್ದನೇನೋ. ಯಲ್ಲಪ್ಪ ಹಗ್ಗ ಹಿಡಿದಿದ್ದ.

ನಾನು ಹೆಸರು ಹೇಳಿದೆ.

ಅಕ್ಬರಸಾಬನನ್ನು ಆ ಗಳಿಗೆಯೇ ಬಿಟ್ಟರು. ಅವನು ಟೊಪ್ಪಿಗೆ ಹುಡುಕಿ ತಲೆಗಿಟ್ಟುಕೊಂಡು, ಯಾರ ಕಡೆಗೂ ನೋಡದೆ ನಡೆದ. ನೀಲಪ್ಪಜ್ಜನನ್ನು ಯಾರೂ ಹೊಡೆಯಲಿಲ್ಲ, ಫೌಜದಾರನೂ ಬರಲಿಲ್ಲ. ಅದಕ್ಕಿಂತ ಹೆಚ್ಚಿನದಾಯಿತು. ಶಿಷ್ಯನ ಬಾಯಿ ಒಡೆದವನ ಶ್ರುತಿ ಶುಭಕಾರ್ಯಕ್ಕೆ ಬೇಡ ಎಂದು ನಲವತ್ತು ಹಳ್ಳಿ ಅವನನ್ನು ಕರೆಯುವುದನ್ನೇ ಬಿಟ್ಟಿತು. ವರ್ಷ ತುಂಬುವುದರೊಳಗೆ ಅವನು ಹಿರೇಕೆರೂರಿನ ಮಗಳ ಮನೆ ಸೇರಿದ. ಅಲ್ಲಿಯೇ ತೀರಿಕೊಂಡ.

ಉಳಿವೆಪ್ಪ ಬ್ಯಾಂಡಿಗೆ ಹೋಗಲೇ ಇಲ್ಲ. ಹಲ್ಲು ನಿಂತಿತು. ಏಳು ವರ್ಷವಾಯಿತು; ಬಣ್ಣ ಒಂದಿಷ್ಟು ಕಪ್ಪಾಗಿದೆಯಂತೆ, ಬೇರು ಗಟ್ಟಿ ಇದೆಯಂತೆ. ಎಲ್ಲ ಡಾಕ್ಟರರ ಬಾಯಿಂದ ಕೇಳಿದ್ದು. ಏಕೆಂದರೆ ಉಳಿವೆಪ್ಪ ನನ್ನೊಂದಿಗೆ ಆ ದಿನದಿಂದ ಒಂದು ಮಾತೂ ಆಡಿಲ್ಲ.

ಹೋದ ತಿಂಗಳು ತಿಳವಳ್ಳಿಯಲ್ಲಿ ಒಂದು ಮದುವೆ. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಉಳಿವೆಪ್ಪ ನುಡಿಸುತ್ತಿದ್ದ. ಎಂಥ ನಾದವೆಂದರೆ, ಅಡಿಗೆಯವರು ಸೌಟು ಹಿಡಿದು ಹೊರಗೆ ಬಂದು ನಿಂತಿದ್ದರು. ಕಣ್ಣು ತೆರೆದವನು ನನ್ನನ್ನು ಕಂಡ. ಸನಾದಿಯಿಂದ ಬಾಯಿ ತೆಗೆದ. ಮಡಿಲಲ್ಲಿಟ್ಟುಕೊಂಡ. ಸಿಟ್ಟಿಲ್ಲ, ಬೈಗುಳವಿಲ್ಲ— ಸುಮ್ಮನೆ ಕಾದ. ಮಂದಿಯೆಲ್ಲ ನನ್ನ ಕಡೆ ತಿರುಗಿದರು. ನಾನು ಎದ್ದೆ. ಚಪ್ಪರ ದಾಟಿ ಬೀದಿಗೆ ಬಂದ ಮೇಲೆ ಬೆನ್ನ ಹಿಂದೆ ರಾಗ ಮತ್ತೆ ಸುರುವಾಯಿತು.

ಈಗ ನೀವು ಹೇಳಿ. ಒಳಗೆ ಅಂಗಿಯ ಚುಂಗು ಹಿಡಿದವನು, ಹೊರಗೆ ಹಗ್ಗ ಹಿಡಿದವರು, ನಡುವಿನ ಬಾಗಿಲಲ್ಲಿ ನೀವು— ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?